ಹೊಸ್ತಿಲಾಚೆಯ ಗೂಡ್ಸ್

ಬೀರೂರು
2 ಸೆಪ್ಟೆಂಬರ್ 2024

ಹೇಮಶ್ರೀ ಮೇಡಂ ಅವರಿಗೆ ನಮಸ್ಕಾರ.

ನಿನ್ನೆ ನಮ್ಮ ‘ತಂಗುದಾಣ’ದಿಂದ ನಾಯಿಯನ್ನು ಕರೆದುಕೊಂಡು ಹೋಗುವ ಗಡಿಬಿಡಿಯಲ್ಲಿ ನಾನು ಹೇಳಿದ್ದನ್ನು ನೀವು ಎಷ್ಟು ಕೇಳಿಸಿಕೊಂಡಿರೋ ಗೊತ್ತಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಾನು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾದವನು. ದಿಕ್ಕಿಲ್ಲದ ನಾಯಿಗಳಿಗೆ ನಮ್ಮ ತೆಂಗಿನ ತೋಟದಲ್ಲಿ ಜಾಗ ಕೊಟ್ಟಿದ್ದೇನೆ. ಅವುಗಳಿಗೆ ರೈಲಿನ ಹೆಸರಿಡುವುದು ನನ್ನ ಚಟ. ನಿಮ್ಮ ಪಾಲಿಗೆ ಬಂದವನು ಗೂಡ್ಸ್. ಗ್ರೇಟ್ ಡೇನ್ ಜಾತಿ. ಉದ್ದ, ನಿಧಾನ, ಯಾರು ಎದುರಾದರೂ ಪಕ್ಕಕ್ಕೆ ಸರಿದು ನಿಂತು ದಾರಿ ಬಿಡುವ ಸ್ವಭಾವ.

ನಿಯಮ ಎರಡೇ. ಡಿಸೆಂಬರ್‌ವರೆಗೆ ಅವನ ವಿಷಯ ಪತ್ರದಲ್ಲೇ ತಿಳಿಸಬೇಕು, ಫೋನ್ ಕೂಡದು. ಫೋನಿನಲ್ಲಿ ಎಲ್ಲರೂ ‘ಚೆನ್ನಾಗಿದೆ ಸರ್’ ಎಂದು ಇಟ್ಟುಬಿಡುತ್ತಾರೆ. ಪತ್ರದಲ್ಲಿ ಸುಳ್ಳು ಹೇಳಬೇಕಾದರೆ ಕೂತು ಬರೆಯಬೇಕು. ಕೂತರೆ ಕೆಲವರ ಮನಸ್ಸಾದರೂ ಬದಲಾಗುತ್ತದೆ. ಇನ್ನೊಂದು, ಅವನು ಮನೆಯೊಳಗೆ ಇರಬೇಕು. ಹೊರಗೆ ಬಿಟ್ಟ ದೊಡ್ಡ ನಾಯಿಗೆ ಇವತ್ತಲ್ಲ ನಾಳೆ ಸರಪಳಿ ಬೀಳುತ್ತದೆ.

ಡಿಸೆಂಬರ್ ಮೊದಲ ವಾರ ನಾನೇ ಬಂದು ನೋಡುತ್ತೇನೆ. ಒಳಗಿಲ್ಲದಿದ್ದರೆ ವಾಪಸ್ ಕರೆತರುತ್ತೇನೆ. ತರೀಕೆರೆಯ ಜಯದೇವಪ್ಪನವರು ಕೋಳಿ ಫಾರಂ ಕಾಯಲು ಇವನನ್ನೇ ಕೇಳುತ್ತಿದ್ದಾರೆ. ನಮ್ಮ ನಾಯಿಗಳ ಊಟ ನಡೆಯುತ್ತಿರುವುದೇ ಅವರಿಂದ. ನಿಮ್ಮ ಮನೆಯೂ ಆಗದಿದ್ದರೆ ಅವರಿಗೆ ಇಲ್ಲ ಎನ್ನಲು ನನ್ನ ಬಳಿ ಕಾರಣವಿರುವುದಿಲ್ಲ. ಅಲ್ಲಿ ಸರಪಳಿ ಖಾಯಂ ಎಂದು ನಿಮಗೆ ತಿಳಿದಿರಲಿ.

ಇತಿ,
ಅನಂತಪದ್ಮನಾಭ


ಅಜ್ಜಂಪುರ
8 ಸೆಪ್ಟೆಂಬರ್ 2024

ಮಾನ್ಯ ಅನಂತಪದ್ಮನಾಭ ಅವರಿಗೆ ವಂದನೆಗಳು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಪತ್ರ ಬರೆಯಿರಿ ಅಂದರೆ ನನಗದು ಶಿಕ್ಷೆಯಲ್ಲ.

ಅಷ್ಟು ನಾಯಿಗಳಲ್ಲಿ ಇವನನ್ನೇ ಯಾಕೆ ಆರಿಸಿದಿರಿ ಎಂದು ಅವತ್ತು ಕೇಳಿದ್ದಿರಿ. ಉಳಿದವೆಲ್ಲ ಬೇಲಿಗೆ ಕಾಲು ಕೊಟ್ಟು ನಿಂತು ಕರೆಯುತ್ತಿದ್ದವು. ಇವನೊಬ್ಬ ಗೋಡೆಗೆ ಮುಖ ಮಾಡಿ, ಬಂದವರಿಗೆ ಬೆನ್ನು ತೋರಿಸಿ ನಿಂತಿದ್ದ. ನೋಡದಿದ್ದರೆ ತಾನೂ ಕಾಣಿಸುವುದಿಲ್ಲ ಎಂದುಕೊಂಡ ಹಾಗೆ. ಅಷ್ಟು ದೊಡ್ಡ ಮೈಯನ್ನು ಅಷ್ಟು ಚಿಕ್ಕದಾಗಿ ಇಟ್ಟುಕೊಳ್ಳಲು ಎಷ್ಟು ಕಷ್ಟಪಡುತ್ತಿದ್ದಾನೆ ಅನ್ನಿಸಿತು. ನನಗೆ ಆ ಬೆನ್ನು ಇಷ್ಟವಾಯಿತು.

ಲಗೇಜ್ ಆಟೋದಿಂದ ಇಳಿಸಿದಾಗ ನನ್ನ ಅಮ್ಮ ತಿಪ್ಪಮ್ಮ ಬಾಗಿಲಲ್ಲೇ ನಿಂತಿದ್ದಳು. ‘ನಾಯಿ ತತ್ತೀನಿ ಅಂದೋಳು ಕರ ತಂದಿದೀಯಲ್ಲೇ. ಇದುಕ್ಕೆ ಹುಲ್ ಹಾಕ್ಬೇಕಾ, ಅನ್ನ ಹಾಕ್ಬೇಕಾ?’ ಅಂದಳು. ಗೂಡ್ಸ್ ಎಂಬ ಹೆಸರು ಅವಳಿಗೆ ಹಿಡಿಸಲಿಲ್ಲ. ಅದೇನು ಹೆಸರು, ಮೂಟೆ ಹೊರೋರಿಗೆ ಇಟ್ಟಂಗೆ ಎಂದು ಗುಡ್ಡಪ್ಪ ಅಂತ ಕರೆಯುತ್ತಿದ್ದಾಳೆ. ಅವನು ಎರಡಕ್ಕೂ ತಿರುಗುವುದಿಲ್ಲ.

ಮನೆಯಲ್ಲಿ ತನ್ನ ಜಾಗವನ್ನು ತಾನೇ ಹುಡುಕಿಕೊಂಡಿದ್ದಾನೆ. ಬೆಳಗಿನ ಬಿಸಿಲು ಬಿದ್ದಾಗ ಅವನ ಬೂದು ಮೈ ಮಳೆ ನಿಂತ ಮೇಲಿನ ಬಂಡೆಯಂತೆ ಹೊಳೆಯುತ್ತದೆ. ನೀವು ಚಿಂತಿಸಬೇಡಿ.

ವಿಶ್ವಾಸದಿಂದ,
ಹೇಮಶ್ರೀ


ಬೀರೂರು
14 ಸೆಪ್ಟೆಂಬರ್ 2024

ಮೇಡಂ,

ಬಂಡೆ, ಬಿಸಿಲು ಎಲ್ಲ ಚೆನ್ನಾಗಿದೆ. ನಾಯಿ ಮಲಗುವುದು ಎಲ್ಲಿ?

ಅನಂತಪದ್ಮನಾಭ


ಅಜ್ಜಂಪುರ
22 ಸೆಪ್ಟೆಂಬರ್ 2024

ಮಾನ್ಯರೇ,

ನಡುಮನೆಯ ಬಾಗಿಲ ಬಳಿ ಗೋಣಿಚೀಲ ಹಾಸಿ, ಮೇಲೆ ಹಳೆಯ ಕಂಬಳಿ ಹೊದಿಸಿದ್ದೇನೆ. ಅಲ್ಲೇ ಮಲಗುತ್ತಾನೆ. ರಾಗಿಮುದ್ದೆ, ಮೊಸರು, ವಾರಕ್ಕೊಮ್ಮೆ ಕೋಳಿ. ನಾವು ನೋಡುತ್ತಿದ್ದರೆ ಮುಟ್ಟುವುದಿಲ್ಲ. ಬೆನ್ನು ತಿರುಗಿಸಿದರೆ ತಟ್ಟೆ ಖಾಲಿ.

ಇವತ್ತು ಬುಕ್ಕಾಂಬುಧಿಗೆ ಕರೆದುಕೊಂಡು ಹೋಗಿದ್ದೆ. ಕೆರೆ ಏರಿಯ ಮೇಲೆ ನನ್ನ ಪಕ್ಕಕ್ಕೆ ನಡೆದ. ಎದುರಿಗೆ ಕುರಿಮಂದೆ ಬಂದಾಗ ನೀವು ಬರೆದ ಹಾಗೇ ಇಳಿಜಾರಿಗೆ ಸರಿದು ನಿಂತ. ಕೊನೆಯ ಕುರಿ ದಾಟುವವರೆಗೆ ತಲೆ ಎತ್ತಲಿಲ್ಲ. ಕುರಿ ಕಾಯುವವರು, ‘ಏನಕ್ಕಾ, ಆಳ್ ನೋಡಿದ್ರೆ ಪೈಲ್ವಾನ, ಮರಿಗಳ್ಗೇ ಹೆದರ್ತಾನಲ್ಲ’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೆದರಿಕೆಯಲ್ಲೂ ಒಂದು ಮರ್ಯಾದೆ ಇಟ್ಟುಕೊಂಡಿದ್ದಾನಲ್ಲ ಅನ್ನಿಸಿತು.

ಹೇಮಶ್ರೀ


ಬೀರೂರು
1 ಅಕ್ಟೋಬರ್ 2024

ಹೇಮಶ್ರೀ ಮೇಡಂ ಅವರಿಗೆ ನಮಸ್ಕಾರ.

ನಡುಮನೆ ಎಂದು ಓದಿ ಸಮಾಧಾನವಾಯಿತು. ಇಷ್ಟು ಬೇಗ ಒಳಗೆ ಬರುತ್ತಾನೆ ಎಂದುಕೊಂಡಿರಲಿಲ್ಲ. ಜಯದೇವಪ್ಪನವರಿಗೆ ಬೇರೆ ನಾಯಿ ನೋಡಿಕೊಳ್ಳಿ ಅಂದಿದ್ದೇನೆ. ‘ಡಿಸೆಂಬರ್ ಆಗ್ಲಿ ಬಿಡಿ ಸ್ವಾಮಿ, ನಾನೂ ಕಾಯ್ತೀನಿ’ ಅಂದರು. ಡಿಸೆಂಬರ್ 6, ಶುಕ್ರವಾರ, ಬೆಳಗಿನ ರೈಲಿಗೆ ಬರುತ್ತೇನೆ.

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಗುಡ್ಡಪ್ಪ ಎಂಬ ಹೆಸರಿಗೆ ನನ್ನ ತಕರಾರಿಲ್ಲ.

ಅನಂತಪದ್ಮನಾಭ


ಅಜ್ಜಂಪುರ
20 ಅಕ್ಟೋಬರ್ 2024

ಅನಂತಪದ್ಮನಾಭ ಸರ್,

ನಾನು ಬರೆದಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಆದರೆ ನಿಮಗೆ ತಲುಪಿದ್ದು ಸುಳ್ಳು. ಗೋಣಿಚೀಲ ನಡುಮನೆಯ ಬಾಗಿಲ ಬಳಿಯೇ ಇದೆ. ಬಾಗಿಲ ಹೊರಗೆ, ಜಗಲಿಯ ಮೇಲೆ. ಗೂಡ್ಸ್ ಬಂದ ದಿನದಿಂದ ಒಮ್ಮೆಯೂ ಹೊಸ್ತಿಲು ದಾಟಿಲ್ಲ. ಕರೆದರೆ ಬಾಗಿಲವರೆಗೆ ಬಂದು, ಮೂಗನ್ನು ಗಾಳಿಗೆ ಹಿಡಿದು, ಹಿಂದೆ ಹಿಂದೆ ಸರಿದು ಜಗಲಿಯ ಮೂಲೆ ಸೇರುತ್ತಾನೆ. ಕತ್ತಿಗೆ ಹಗ್ಗ ಹಾಕಿ ಎಳೆಯಲು ನನ್ನ ಮನಸ್ಸು ಒಪ್ಪಲಿಲ್ಲ. ನಿಮಗೆ ತಿಳಿದರೆ ಕರೆದೊಯ್ಯುತ್ತೀರಿ ಎಂದು ಮುಚ್ಚಿಟ್ಟೆ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ದಾರಿ ಕಂಡಿದೆ. ದಸರಾ ಕಳೆದ ಮೇಲೆ ಅಮ್ಮ ಯಗಟಿಯಲ್ಲಿರುವ ತನ್ನ ತಂಗಿ ಯಲ್ಲಮ್ಮನ ಮನೆಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ. ಹೊಸ್ತಿಲಿಗೆ ಧೂಳು ಕೂತಿತ್ತು, ತೊಳೆದೆ, ಓದುತ್ತಾ ಒಳಗೆ ಕೂತೆ. ನಿನ್ನೆ ತಲೆ ಎತ್ತಿ ನೋಡಿದರೆ ಅವನ ಮುಖ ಒಳಗಿತ್ತು. ಇವತ್ತು ಮುಂದಿನ ಒಂದು ಕಾಲೂ ಒಳಗೆ ಬಂತು. ಹಾಗೇ ನಿಂತು ನನ್ನ ಪುಸ್ತಕದ ಕಡೆ ನೋಡಿದ. ನಾನು ಹಾಳೆ ತಿರುಗಿಸಲೂ ಇಲ್ಲ.

ನನಗೆ ತೋಚುವುದು ಇಷ್ಟು. ಅಮ್ಮನ ದನಿ ಬಲು ದೊಡ್ಡದು. ಹಾಲಿನವನನ್ನು ಕರೆದರೆ ಎರಡು ಬೀದಿಗೆ ಕೇಳುತ್ತದೆ. ಅವನು ಹೆದರುತ್ತಿರುವುದು ಅದಕ್ಕೇ. ಅಮ್ಮ ಬಂದ ಮೇಲೆ ಮೆಲ್ಲಗೆ ಮಾತಾಡಿದರೆ ಸರಿಹೋಗುತ್ತದೆ.

ಹೇಮಶ್ರೀ


ಬೀರೂರು
25 ಅಕ್ಟೋಬರ್ 2024

ಮೇಡಂ,

ನಿಮ್ಮ ಪತ್ರ ಓದಿ ಆ ದಿನ ಊಟ ಸೇರಲಿಲ್ಲ. ಓದಿದವರು ಸುಳ್ಳನ್ನೂ ವ್ಯಾಕರಣಬದ್ಧವಾಗಿ ಹೇಳುತ್ತಾರೆ ಎಂದು ಈಗ ಗೊತ್ತಾಯಿತು.

ನಾನೂ ಒಂದು ವಿಷಯ ಹೇಳಿರಲಿಲ್ಲ. ಗೂಡ್ಸ್ ನಿಮಗಿಂತ ಮೊದಲು ಎರಡು ಮನೆಗೆ ಹೋಗಿ ವಾಪಸ್ ಬಂದಿದ್ದಾನೆ, ಒಮ್ಮೆ ಕಡೂರಿನಿಂದ, ಒಮ್ಮೆ ತರೀಕೆರೆಯಿಂದ. ಇಬ್ಬರೂ ಹೇಳಿದ್ದು ಒಂದೇ, ಒಳಗೆ ಬರುವುದಿಲ್ಲ. ಅವರಿಗೆ ತಾಳ್ಮೆ ಇಲ್ಲ ಎಂದುಕೊಂಡಿದ್ದೆ. ಈಗ ಮೂರನೆಯ ಮನೆಯಲ್ಲೂ ಅದೇ.

ಅವನಿಗಾಗಿ ನಿಮ್ಮ ತಾಯಿ ತಮ್ಮ ಮನೆಯಲ್ಲಿ ಪಿಸುಗುಟ್ಟಿಕೊಂಡು ಓಡಾಡುವುದು ಬೇಡ. ದೀಪಾವಳಿ ಮುಗಿದ ಮೇಲೆ ಕಳಿಸಿಬಿಡಿ. ಲಗೇಜ್ ಆಟೋ ನಾನೇ ಮಾಡುತ್ತೇನೆ.

ಅನಂತಪದ್ಮನಾಭ


ಅಜ್ಜಂಪುರ
3 ನವೆಂಬರ್ 2024

ಸರ್,

ಕಳಿಸುವುದಿಲ್ಲ.

ನೀವು ಡಿಸೆಂಬರ್ 6 ಎಂದು ಬರೆದಿದ್ದೀರಿ. ಅಲ್ಲಿಯವರೆಗೆ ಅವನು ನನ್ನ ಮನೆಯವನು. ಬೈಯಿರಿ, ನಾನು ಅದಕ್ಕೆ ತಕ್ಕವಳೇ. ಆದರೆ ಮೂರನೆಯ ಸಲವೂ ಅದೇ ಗಾಡಿ ಹತ್ತಿ ಅದೇ ಗೋಡೆಗೆ ಮುಖ ಮಾಡಿ ನಿಲ್ಲಲು ಅವನನ್ನು ಬಿಡಲಾರೆ. ಜಯದೇವಪ್ಪನವರ ಸರಪಳಿಗಂತೂ ಬಿಡುವುದಿಲ್ಲ.

ನಾನು ಅಂದುಕೊಂಡದ್ದು ತಪ್ಪಾಗಿತ್ತು. ಹಬ್ಬಕ್ಕೆ ಅಮ್ಮ ವಾಪಸ್ ಬಂದಳು. ಅವನು ಮತ್ತೆ ಜಗಲಿಯ ಮೂಲೆ ಸೇರಿದ. ನಿನ್ನ ದನಿಗೆ ಹೆದರುತ್ತಾನೆ ಕಣಮ್ಮ ಅಂದೆ. ಅವತ್ತಿನಿಂದ ಅವಳು ಬಾಯಿಯನ್ನೇ ಬಿಡಲಿಲ್ಲ. ಉಪ್ಪು ಬೇಕಾದರೆ ಸನ್ನೆ, ಹಾಲಿನವನಿಗೆ ಚಪ್ಪಾಳೆ. ಅವನು ‘ತಿಪ್ಪಮ್ಮೋರಿಗೆ ಗಂಟ್ಲು ಹೋಗ್ಬಿಡ್ತಾ?’ ಎಂದು ಹೆದರಿ ಕೇಳಿದ. ಗೂಡ್ಸ್ ಮಾತ್ರ ಕದಲಲಿಲ್ಲ. ಕೊನೆಗೆ ಅವಳೇ ಸಿಟ್ಟಾಗಿ, ‘ನಾನ್ ಬಾಯ್ ಮುಚ್ಕಂಡ್ರೂ ಬರಲ್ಲ, ಬಿಟ್ರೂ ಬರಲ್ಲ. ಯಲ್ಲಮ್ಮನ ಮನೇಗೇ ಹೋಗಿ ಇದ್ಬಿಡ್ತೀನಿ ಕಣೇ. ನಿಂಗೆ ನಾಯೀನೇ ಆಗ್ಲಿ’ ಅಂದಳು. ಅದು ತಮಾಷೆಯಾಗಿರಲಿಲ್ಲ.

ಹಬ್ಬದ ಸಂಜೆ ಬೀದಿ ತುಂಬ ಪಟಾಕಿ. ಅವನ ಕಾಲುಗಳು ನಡುಗುತ್ತಿದ್ದವು. ಬಾಗಿಲು ಪೂರ್ತಿ ತೆರೆದು ಇಬ್ಬರೂ ಕರೆದೆವು. ಒಳಗೆ ಬರುವುದಕ್ಕಿಂತ ಆ ಸದ್ದಿನಲ್ಲೇ ನಿಲ್ಲುವುದು ಅವನಿಗೆ ಮೇಲಾಗಿ ಕಂಡಿತು. ನಾನು ಜಗಲಿಗೆ ಹೋಗಿ ಅವನ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅಮ್ಮನೂ ಮಣೆ ತಂದು ಆ ಪಕ್ಕ ಕೂತಳು.

ಒಳಗೆ ಅವನಿಗೆ ಕಾಣುತ್ತಿರುವುದು ಏನು? ನಿಮ್ಮ ಬಳಿಗೆ ಬರುವ ಮೊದಲು, ಬಂದ ಮೇಲೆ, ಅವನಿಗೆ ಏನೇನಾಯಿತು? ಬೇಸರಪಡದೆ ಎಲ್ಲ ಬರೆಯಿರಿ.

ಹೇಮಶ್ರೀ


ಬೀರೂರು
8 ನವೆಂಬರ್ 2024

ಹೇಮಶ್ರೀ ಮೇಡಂ ಅವರಿಗೆ,

ಸರಿ, 6ನೇ ತಾರೀಖಿನವರೆಗೆ ಇರಲಿ.

ಯಾರೋ ಮರಿಯಾಗಿದ್ದಾಗ ತಂದು, ದೊಡ್ಡದಾದ ಮೇಲೆ ಶೆಡ್ಡಿನಲ್ಲಿ ಕಟ್ಟಿಹಾಕಿದ್ದರು. ಕತ್ತು ಬೆಳೆಯಿತು, ಸರಪಳಿ ಬೆಳೆಯಲಿಲ್ಲ. ನಮಗೆ ಸಿಕ್ಕಾಗ ಸರಪಳಿ ಚರ್ಮದೊಳಗೆ ಹೂತಿತ್ತು, ಗಾಯದಲ್ಲಿ ಹುಳ ಬಿದ್ದಿತ್ತು. ಡಾಕ್ಟರು ಬಂದು ತೆಗೆದರು. ಆಮೇಲೆ ದಿನವೂ ಅರಿಶಿನಕ್ಕೆ ಕರ್ಪೂರ ಪುಡಿ ಮಾಡಿ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಗಾಯದೊಳಗೆ ತುಂಬುತ್ತಿದ್ದೆ. ನಮ್ಮ ಕಡೆ ದನಗಳಿಗೆ ಮಾಡುವ ಹಾಗೆ. ಒಳಮನೆಗೆ ಕರೆತಂದು, ಬಾಗಿಲು ಹಾಕಿ, ಮೂವರು ಅದುಮಿ ಹಿಡಿಯಬೇಕಾಗುತ್ತಿತ್ತು. ಕೈ ಹಾಕುತ್ತಿದ್ದವನು ನಾನೇ. ಅವನು ಅರಚುತ್ತಿದ್ದ, ಆದರೆ ಒಮ್ಮೆಯೂ ಕಚ್ಚಲಿಲ್ಲ. ಕಚ್ಚಿದ್ದರೆ ನನಗೆ ಸಮಾಧಾನವಿರುತ್ತಿತ್ತು.

ಗಾಯ ಮಾಯಿತು. ಅದರಿಂದ ನಿಮಗೆ ಏನು ತಿಳಿಯುತ್ತದೋ ನನಗೆ ಗೊತ್ತಿಲ್ಲ. ಕೇಳಿದಿರಿ, ಬರೆದಿದ್ದೇನೆ.

ಅನಂತಪದ್ಮನಾಭ


ಅಜ್ಜಂಪುರ
17 ನವೆಂಬರ್ 2024

ಸರ್,

ಅರಿಶಿನ. ಕರ್ಪೂರ.

ನಮ್ಮ ಮನೆಯ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ನಾನು ಬೌದ್ಧ ದೀಕ್ಷೆ ತೆಗೆದುಕೊಂಡವಳು. ಅಮ್ಮ ತನ್ನ ಪೂಜೆ ಬಿಟ್ಟವಳಲ್ಲ. ಬಹಳ ವರ್ಷ ಜಗಳವಾಡಿ ಕೊನೆಗೆ ಮನೆ ಹಂಚಿಕೊಂಡೆವು: ಪುಸ್ತಕದ ಕಪಾಟಿನ ಮೇಲೆ ನನ್ನ ಬುದ್ಧ, ಹೊಸ್ತಿಲು ಅವಳದು. ಪ್ರತಿ ಶುಕ್ರವಾರ ಅದನ್ನು ತೊಳೆದು, ದಪ್ಪಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಅದರ ಮುಂದೆಯೇ ಕರ್ಪೂರ ಹಚ್ಚುತ್ತಾಳೆ. ಆ ವಾಸನೆ ಮುಂದಿನ ಶುಕ್ರವಾರದವರೆಗೂ ಹೋಗುವುದಿಲ್ಲ. ಅವಳು ಯಗಟಿಯಲ್ಲಿದ್ದಾಗ ನಾನು ಬರೀ ನೀರಿನಲ್ಲಿ ತೊಳೆದಿದ್ದೆ. ಕಡೂರಿನ ಮನೆಯಲ್ಲೂ ತರೀಕೆರೆಯ ಮನೆಯಲ್ಲೂ ಹೊಸ್ತಿಲು ಹೀಗೆಯೇ ಹಳದಿಯಾಗಿರಲಿಲ್ಲವೇ, ನೆನಪು ಮಾಡಿಕೊಳ್ಳಿ.

ನಿಮ್ಮ ಪತ್ರ ಹಿಡಿದು ಈ ಶುಕ್ರವಾರ ಮೆಟ್ಟಿಲ ಮೇಲೆ ಕೂತಿದ್ದೆ. ಅಮ್ಮ ಅರಿಶಿನ ಕಲಸಲು ಶುರು ಮಾಡಿದ ಕೂಡಲೇ ಅವನು ಎದ್ದು ಗೇಟಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿದ.

‘ಅಮ್ಮಾ, ಅವ್ನು ಹೆದರೋದು ನಿನ್ನ ಬಾಯಿಗಲ್ಲ. ನಿನ್ನ ಕೈಲಿರೋದಕ್ಕೆ.’

‘ನನ್ ಕೈಲೇನೈತೆ, ದೊಣ್ಣೇನಾ?’

ನೀವು ಬರೆದದ್ದನ್ನು ಓದಿ ಹೇಳಿದೆ. ಅವಳು ಬಟ್ಟಲನ್ನು ಕೆಳಗಿಟ್ಟಳು.

‘ಅವ್ರು ಹಾಕಿದ್ದು ಒಳ್ಳೇದಕ್ಕೇ ಅಲ್ವೇನೇ?’

‘ಅದು ಅವನಿಗೆ ಹೆಂಗ್ ಗೊತ್ತಾಗ್ಬೇಕಮ್ಮ?’

ಹೊಸ್ತಿಲ ಪೂಜೆ ನಿಲ್ಲಿಸು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ವರ್ಷಗಟ್ಟಲೆ ಹೇಳಿ ಸೋತ ಮಾತು. ಈಗ ಹೇಳಿದ್ದರೆ ಅವಳು ಒಪ್ಪುತ್ತಿದ್ದಳೇನೋ. ಆದರೆ ಒಂದು ಮೂಕ ಪ್ರಾಣಿಯ ಹೆದರಿಕೆಯನ್ನು ಮುಂದೆ ಮಾಡಿ ಅಮ್ಮನನ್ನು ಗೆಲ್ಲುವುದು ನನಗೆ ಬೇಡವಾಗಿತ್ತು. ಅವಳೇ ಮಾತಾಡಿದಳು.

‘ನಾನ್ ಹೊಸ್ತಿಲು ಬಿಡಲ್ಲ, ಮೊದ್ಲೇ ಹೇಳ್ತೀನಿ. ಕರ್ಪೂರ ಬೇಕಾರೆ ದೇವ್ರ ಮೂಲೇಲಿ ಹಚ್ತೀನಿ, ಅದೊಂದ್ ರಾಜಿ. ಅರಿಶಿನ ಅಂದ್ರೆ ಉರಿ ಅಂತ ತಾನೇ ಅವ್ನ್ ತಲೇಲಿರೋದು? ಅರಿಶಿನ ಅಂದ್ರೆ ಮುದ್ದೆ ಅಂತ ಮಾಡಾಣ.’

ಅವತ್ತು ಸಂಜೆಯೇ ಬಲಗೈಗೆಲ್ಲ ಅರಿಶಿನ ಬಳಿದುಕೊಂಡು ಮುದ್ದೆ ಹಿಡಿದು ಅವನ ಮುಂದೆ ಕೂತಳು. ಅವನು ಓಡಿಹೋದ. ಊಟ ಮುಟ್ಟಲಿಲ್ಲ. ಅಮ್ಮನೂ ಮುಟ್ಟಲಿಲ್ಲ. ನಾನು, ಒಂದೇ ಸಲಕ್ಕೆ ಅಷ್ಟು ಬೇಡ, ಗೇಟಿನಿಂದ ಶುರು ಮಾಡೋಣ ಅಂದೆ. ಈಗ ಬೆರಳ ತುದಿಗೆ ಒಂದು ಬೊಟ್ಟು ಅರಿಶಿನ. ದಿನಾ ಸ್ವಲ್ಪ ಹೆಚ್ಚು, ದಿನಾ ಸ್ವಲ್ಪ ಬಾಗಿಲ ಕಡೆಗೆ. ಕಾಲೇಜಿಂದ ಬಂದ ಕೂಡಲೇ ನನ್ನ ಕೈಗೂ ಬೊಟ್ಟು ಇಡುತ್ತಾಳೆ. ದೀಕ್ಷೆ ತೆಗೆದುಕೊಂಡ ಮೇಲೆ ನನ್ನ ಕೈ ಅರಿಶಿನ ಮುಟ್ಟಿದ್ದು ಇದೇ ಮೊದಲು. ಹುಳಿಗೆ ಹಾಕುವುದನ್ನು ಬಿಟ್ಟರೆ.

ಹೇಮಶ್ರೀ


ಬೀರೂರು
22 ನವೆಂಬರ್ 2024

ಮೇಡಂ,

ಎರಡೂ ಮನೆಯ ಹೊಸ್ತಿಲು ಹಳದಿಯಾಗಿತ್ತು. ಫೋನ್ ಮಾಡಿ ಕೇಳಿದೆ. ನನ್ನ ನಿಯಮ ಮುರಿದೆ.

ಉಳಿದಿರುವ ದಿನ ಕಡಿಮೆ. ಜಯದೇವಪ್ಪನವರು ಫಾರಂ ಬಾಗಿಲಲ್ಲಿ ಗೂಟ ಹೂಳಿಸಿದ್ದೇನೆ ಎಂದು ಹೇಳಿ ಕಳಿಸಿದ್ದಾರೆ. ನಾನು ಮಾತು ತಪ್ಪುವವನಲ್ಲ, ಅವರಿಗೂ ನಿಮಗೂ. ಒಳಗಿದ್ದರೆ ನಿಮ್ಮವನು, ಹೊರಗಿದ್ದರೆ ನನ್ನ ಜೊತೆ ಬರುತ್ತಾನೆ.

ಅನಂತಪದ್ಮನಾಭ


ಅಜ್ಜಂಪುರ
1 ಡಿಸೆಂಬರ್ 2024

ಸರ್,

ಈ ಸಲ ಓದುವಾಗ ಎಲ್ಲೂ ಅನುಮಾನಪಡಬೇಡಿ. ಅಮ್ಮನ ಪೂರ್ತಿ ಹಳದಿ ಕೈಯಿಂದ ಮುದ್ದೆ ತಿನ್ನುತ್ತಾನೆ. ಮೇಲಿನ ಮೆಟ್ಟಿಲಲ್ಲಿ ಕೂತು, ನಾವು ನೋಡುತ್ತಿದ್ದರೂ ತಿನ್ನುತ್ತಾನೆ. ತಿಂದ ಮೇಲೆ ಅವಳ ಬೆರಳು ನೆಕ್ಕುತ್ತಾನೆ. ‘ಲೇ ಗುಡ್ಡಪ್ಪ, ಅರಿಶಿನ ಉಳಿಸೋ, ಸಾರಿಗ್ ಬೇಕು’ ಎಂದು ಬೀದಿಗೆಲ್ಲ ಕೇಳುವಂತೆ ಗದರುತ್ತಾಳೆ. ಅವನು ಬಾಲ ಆಡಿಸುತ್ತಾನೆ.

ಹೊಸ್ತಿಲು ಮಾತ್ರ ದಾಟಿಲ್ಲ. ಅದರ ಮುಂದೆ ಮಲಗಿ, ಮೂತಿಯನ್ನು ಅದರ ಹತ್ತಿರಕ್ಕೆ ತಂದು ಇಟ್ಟುಕೊಳ್ಳುತ್ತಾನೆ. ಅಷ್ಟೇ.

ಬನ್ನಿ. ದಿನ ಮುಂದೂಡಿ ಎಂದು ಕೇಳುವುದಿಲ್ಲ. ಆದರೆ ಹೊರಗಿದ್ದರೆ ಅವನನ್ನು ಕರೆದೊಯ್ಯುವಾಗ ನಾನೂ ನಿಮ್ಮ ಜೊತೆ ತರೀಕೆರೆಗೆ ಬರುತ್ತೇನೆ. ಆ ಗೂಟದ ಪಕ್ಕ ಕೂತು ಜಯದೇವಪ್ಪನವರ ಹತ್ತಿರ ಮಾತಾಡುತ್ತೇನೆ. ಅವರು ಒಪ್ಪುವವರೆಗೂ ಏಳುವುದಿಲ್ಲ.

ನಿಮ್ಮನ್ನು ಕಂಡರೆ ಅವನಿಗೂ ಸಂತೋಷವಾದೀತು. ಹಳೆಯ ಮುಖವಲ್ಲವೇ.

ಹೇಮಶ್ರೀ


ಬೀರೂರು
7 ಡಿಸೆಂಬರ್ 2024

ಹೇಮಶ್ರೀ ಅವರಿಗೆ,

ನಿನ್ನೆ ಕಾಫಿ ಕುಡಿಯದೆ, ಒಳಗೂ ಬಾರದೆ ಗೇಟಿನಿಂದಲೇ ತಿರುಗಿದೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ನಾನು ಅಲ್ಲಿ ನಿಂತಷ್ಟು ಹೊತ್ತೂ ಅವನು ನಡುಗುತ್ತಿದ್ದ.

ನೀವು ಆ ಗಳಿಗೆಯಲ್ಲಿ ಒಳಗಿದ್ದಿರಿ, ಪೂರ್ತಿ ನೋಡಲಿಲ್ಲ. ನಾನು ನೋಡಿದೆ. ನಿಮ್ಮ ತಾಯಿ ಆಗಷ್ಟೇ ಹೊಸ್ತಿಲಿಗೆ ಅರಿಶಿನ ಬಳಿದು ಬಾಗಿಲ ಒಳಗೆ ಎದ್ದು ನಿಂತಿದ್ದರು. ಅವನು ಮೆಟ್ಟಿಲ ಮೇಲೆ ಮಲಗಿದ್ದ. ಗೇಟಿನ ಚಿಲಕ ತೆಗೆದೆ. ನನ್ನನ್ನು ನೋಡಿದ. ಕಿವಿ ಹಿಂದಕ್ಕೆ ಹೋದವು. ಎಡಕ್ಕೆ ಹಿತ್ತಲಿನ ದಾರಿ ತೆರೆದೇ ಇತ್ತು. ಅವನು ಅತ್ತ ನೋಡಲೂ ಇಲ್ಲ. ಹಸಿ ಅರಿಶಿನದ ಮೇಲೆಯೇ ಕಾಲಿಟ್ಟು ಒಳಗೆ ಓಡಿದ. ಓಡಿ ನಿಮ್ಮ ತಾಯಿಯ ಸೀರೆಯ ಹಿಂದೆ ಅವಿತುಕೊಂಡ. ತಲೆಯೊಂದು ಮರೆಯಾಯಿತು, ಉಳಿದದ್ದೆಲ್ಲ ಬೀದಿಗೆ ಕಾಣುತ್ತಿತ್ತು.

‘ಯಾರ್ ಸ್ವಾಮಿ ನೀವು, ಯಾಕ್ ನನ್ ಮಗೀನ ಹೆದ್ರಿಸ್ತೀರ?’ ಎಂದು ಅವರು ಕೇಳಿದರು. ನಿಜವಾಗಿಯೂ ಗಂಟಲು ದೊಡ್ಡದೇ.

ಅವನಿಗೆ ಸಂತೋಷವಾದೀತು ಎಂದು ಬರೆದಿದ್ದಿರಿ. ಅವನು ನನ್ನನ್ನು ಕಂಡರೆ ಓಡುತ್ತಾನೆ ಎಂದು ನನಗೆ ಗೊತ್ತಿತ್ತು. ತಂಗುದಾಣದಲ್ಲಿ ಅವನಿಗೆ ಊಟ ಹಾಕುತ್ತಿದ್ದವರು ಬೇರೆಯವರು, ಗಾಯಕ್ಕೆ ಕೈ ಹಾಕುತ್ತಿದ್ದವನು ನಾನು. ಇಷ್ಟೂ ದಿನ ನಿಮಗೆ ಹೇಳಲಿಲ್ಲ, ಹೇಳಲು ಕಷ್ಟವಾಯಿತು. ಎಲ್ಲಿಗೆ ಓಡುತ್ತಾನೆ ಎಂಬುದನ್ನು ನೋಡಬೇಕಿತ್ತು. ನೋಡಿದೆ.

ಜಯದೇವಪ್ಪನವರಿಗೆ ಇಲ್ಲ ಅಂದೆ. ಸಿಟ್ಟಾಗಿದ್ದಾರೆ. ನಾಯಿಗಳ ಊಟಕ್ಕೆ ಬೇರೆ ದಾರಿ ನೋಡಿಕೊಳ್ಳುತ್ತೇನೆ. ಗೂಡ್ಸ್‌ಗೆ ಲೈನ್ ಕ್ಲಿಯರ್ ಕೊಟ್ಟಾಗಿದೆ. ಇನ್ನು ಪತ್ರ ಬರೆಯಲೇಬೇಕೆಂಬ ನಿಯಮ ನಿಮಗಿಲ್ಲ.

ಅನಂತಪದ್ಮನಾಭ


ಅಜ್ಜಂಪುರ
8 ಡಿಸೆಂಬರ್ 2024

ಸರ್,

ಇವತ್ತು ಭಾನುವಾರ, ನಿಯಮ ಇಲ್ಲದಿದ್ದರೂ ಕೂತಿದ್ದೇನೆ. ನಿಮ್ಮ ಪತ್ರ ಇನ್ನೂ ಬಂದಿಲ್ಲ. ನೀವು ಗೇಟಿನಲ್ಲೇ ‘ಇರ್ಲಿ, ಇಲ್ಲೇ ಇರ್ಲಿ’ ಎಂದು ಹೇಳಿ ಬಿರಬಿರನೆ ನಡೆದುಹೋದಿರಿ ಎಂದು ಅಮ್ಮ ಹೇಳಿದಳು. ಬಂದವರು ಯಾರೆಂದು ನಾನು ಹೇಳಿದ ಮೇಲೆ ತಲೆಗೆ ಕೈಹೊತ್ತು ಕೂತಳು. ಅವನು ಯಾಕೆ ಓಡಿದ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸಂತೋಷವಾದೀತು ಎಂದು ಬರೆದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಡುಮನೆಯ ಕೆಂಪು ನೆಲದ ಮೇಲೆ ಬಾಗಿಲಿನಿಂದ ಅಡುಗೆಮನೆಯವರೆಗೆ ಹಳದಿ ಹೆಜ್ಜೆಗಳಿವೆ. ಒಂದೊಂದೂ ನನ್ನ ಅಂಗೈಯಷ್ಟು. ಒರೆಸಲು ಬಟ್ಟೆ ತಂದರೆ ಅಮ್ಮ ಕಿತ್ತುಕೊಂಡಳು. ‘ಶುಕ್ರವಾರ ಒಳೀಕ್ ಬಂದಿರೋ ಹೆಜ್ಜೆ ಕಣೇ. ಮುಟ್ಟಬ್ಯಾಡ.’ ಅವುಗಳನ್ನು ತುಳಿಯದ ಹಾಗೆ ಗೋಡೆ ಹಿಡಿದು ಓಡಾಡುತ್ತಿದ್ದೇವೆ. ತುಳಿಯುತ್ತಿರುವವನು ಅವನೊಬ್ಬನೇ. ಈಗ ಕಪಾಟಿನ ಕೆಳಗೆ, ಬುದ್ಧನ ಕಡೆ ಬೆನ್ನು ಮಾಡಿ ಮಲಗಿದ್ದಾನೆ.

ಅಮ್ಮ ನಿಮಗೆ ಹೇಳಿ ಕಳಿಸಿದ ಮಾತನ್ನು ಅವಳ ಬಾಯಲ್ಲೇ ಬರೆಯುತ್ತೇನೆ: ‘ಮಾಸ್ಟ್ರು ಇನ್ನೊಂದ್ ಸತಿ ಬರ್ಬೇಕು. ಬರೀ ಕೈಲಿ ಬರೋದ್ ಬ್ಯಾಡ. ಬೆರಳಿಗೆ ಒಂದ್ ಬೊಟ್ಟು ಅರಿಶಿನ ಇಟ್ಕಂಡು ಗೇಟಿಂದ ಶುರು ಮಾಡ್ಲಿ. ಮುದ್ದೆ ನಾನ್ ಕಟ್ಕೊಡ್ತೀನಿ.’

ಹೇಮಶ್ರೀ